ಅಕ್ಕನ ಫೋನಿನ ಪಂಚಾಂಗ

ಆ ವರ್ಷಗಳಲ್ಲಿ ನಾನು ಹೆಬ್ಬಾಳದ ಒಂದು ಆಫೀಸಿನಲ್ಲಿ ಮೊಬೈಲ್ ಆಪ್‌ಗಳನ್ನು ಬಿಚ್ಚಿ ನೋಡುವ ಕೆಲಸ ಮಾಡುತ್ತಿದ್ದೆ. ಮೇಲೆ ಒಂದು ಹೇಳಿ ಒಳಗೆ ಇನ್ನೊಂದು ಮಾಡುವ ಆಪ್‌ಗಳನ್ನು ಪತ್ತೆ ಹಚ್ಚಬೇಕಿತ್ತು. ಆಪನ್ನು ಚಾಲೂ ಮಾಡದೆ ಅದರ ಕೋಡ್ ಓದುತ್ತಿದ್ದೆವು. ಫೋನಿನಿಂದ ಮಾಹಿತಿ ಹೊರಗೆ ಹೋಗುವ ಜಾಗವನ್ನು ಮೊದಲು ಹುಡುಕಿ, ಅದು ಎಲ್ಲಿಂದ ಬಂತೆಂದು ಹಿಂದಕ್ಕೆ ನೋಡುತ್ತಾ ಹೋಗುವುದು. ಬರೀ ಟಾರ್ಚ್ ಹಚ್ಚಬೇಕಾದ ಆಪ್ ಕದ್ದು ಮೆಸೇಜ್ ಓದುತ್ತಿದ್ದರೆ ಹಾಗೆ ಸಿಕ್ಕಿಬೀಳುತ್ತಿತ್ತು.

ಯಲಹಂಕದ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಅಕ್ಕ ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಳು. ಭಾವನಿಗೆ ನೆಂಟರಲ್ಲೆಲ್ಲ ಒಳ್ಳೆಯ ಹೆಸರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಓಡಾಡಿದವರು ಅವರೇ. ಅಮ್ಮನಿಗೆ ಅವರು ಹೇಳಿದರೆ ಮುಗಿಯಿತು.

ಮದುವೆಗೆ ಮುಂಚೆ ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಕೆಲಸಕ್ಕೆ ಹೋಗುವ ಆಸೆ ಹುಟ್ಟಿತು. ಯಶವಂತಪುರದ ಒಂದು ಶಾಲೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಕೆಲಸ ಸಿಕ್ಕಿದ ಮೇಲೆ ಭಾವನಿಗೆ ಹೇಳಿದರಾಯಿತೆಂದು ನಾವಿಬ್ಬರೇ ಫೋನಿನಲ್ಲಿ ಮಾತಾಡಿಕೊಂಡಿದ್ದೆವು. ಹಿಂದಿನ ಸಂಜೆ ಭಾವ ಕಾಫಿ ಕುಡಿಯುತ್ತಾ, "ನಾಳೆ ಯಶವಂತಪುರಕ್ಕೆ ಹೋಗೋದಾದ್ರೆ ಬೇಗ ಹೊರಡು, ಟ್ರಾಫಿಕ್ ಜಾಸ್ತಿ" ಎಂದರಂತೆ. ಇನ್ನೊಂದು ಮಾತೂ ಆಡಲಿಲ್ಲವಂತೆ. ಅಕ್ಕ ಇಂಟರ್‌ವ್ಯೂಗೆ ಹೋಗಲಿಲ್ಲ.

"ನೀನೇ ತಾನೇ ಹೇಳಿದ್ದು? ಇನ್ಯಾರಿಗ್ ಗೊತ್ತಿತ್ತು?" ಎಂದು ನನ್ನನ್ನೇ ಬೈದಳು.

"ನಾನ್ಯಾಕ್ ಹೇಳ್ಲಿ ಅಕ್ಕಾ?"

ಅವಳು ನಂಬಲಿಲ್ಲ. ಆಮೇಲೆ ತಾನೇ ಒಂದೊಂದಾಗಿ ನೆನಪಿಸಿಕೊಂಡಳು. ಹಳೆಯ ಗೆಳತಿ ಮೆಸೇಜ್ ಮಾಡಿದ್ದು, ಅತ್ತೆಯ ಬಗ್ಗೆ ನನ್ನ ಹತ್ತಿರ ಗೊಣಗಿದ್ದು, ಎಲ್ಲವೂ ಭಾವನಿಗೆ ಹೇಗೋ ಗೊತ್ತಾಗುತ್ತಿತ್ತು.

"ಫೋನ್ ಯಾರು ಕೊಡ್ಸಿದ್ದು?" ಎಂದು ಕೇಳಿದೆ.

"ಅವ್ರೇ. ಹುಟ್ಟಿದ ಹಬ್ಬಕ್ಕೆ."

ಮುಂದಿನ ಭಾನುವಾರ ಅವಳು ಮನೆಗೆ ಬಂದಾಗ ಫೋನನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದರಲ್ಲೊಂದು ಪಂಚಾಂಗದ ಆಪ್ ಇತ್ತು. ಅಕ್ಕ ದಿನಾ ಬೆಳಿಗ್ಗೆ ರಾಹುಕಾಲ ನೋಡುತ್ತಿದ್ದದ್ದು ಅದರಲ್ಲೇ. ಅದು ಮೈಕ್ ಬಳಸಲು, ಮೆಸೇಜ್ ಓದಲು ಅನುಮತಿ ಪಡೆದಿತ್ತು. ರಾಹುಕಾಲ ತೋರಿಸುವುದಕ್ಕೆ ಮೈಕ್ ಯಾಕೆ ಬೇಕು, ಮೆಸೇಜ್ ಯಾಕೆ ಬೇಕು? ಬಿಚ್ಚಿ ಓದಿದೆ. ತಿಥಿ, ನಕ್ಷತ್ರ ಲೆಕ್ಕ ಹಾಕುವ ಭಾಗ ಅಚ್ಚುಕಟ್ಟಾಗಿತ್ತು. ಅದರ ಪಕ್ಕದಲ್ಲಿ ಹೆಸರಿಗೆ ಅರ್ಥವೇ ಇಲ್ಲದ ಇನ್ನೊಂದು ಭಾಗ. ಸ್ಕ್ರೀನ್ ಆರಿದ ಮೇಲೆ ಎದ್ದು ಮೆಸೇಜುಗಳನ್ನು, ರೆಕಾರ್ಡ್ ಮಾಡಿಟ್ಟ ಕರೆಗಳನ್ನು, ಅವಳು ಹೋದ ಜಾಗಗಳನ್ನು ಹೊರಗೆ ಕಳಿಸುತ್ತಿತ್ತು. ಆಪ್ ಹಾಕಿದವರು ಮೊದಲಿಗೆ ತಮ್ಮ ನಂಬರ್ ತುಂಬಬೇಕಿತ್ತು. ತುಂಬಿದ ನಂಬರ್ ಒಳಗೇ ಉಳಿದಿತ್ತು. ಅದು ಯಾರದೆಂದು ಹುಡುಕಬೇಕಾಗಲಿಲ್ಲ. ಅಕ್ಕನಿಗೂ ಅದು ಬಾಯಿಪಾಠ.

"ನಾವು ಮಾತಾಡಿದ್ದು ಎಲ್ಲಾನೂ ಕೇಳ್ಸ್ಕೊಂಡಿದಾರಾ?" ಎಂದಳು.

"ಹ್ಞೂಂ."

ಅವಳು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು.

ಸಂಜೆ ಭಾವ ಅವಳನ್ನು ಕರೆದೊಯ್ಯಲು ಬಂದರು. ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು ವಿಷಯ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು.

"ಚೆನ್ನಾಗ್ ಕಲ್ತಿದೀಯಮ್ಮ. ಹೌದು, ನಾನೇ ಹಾಕಿದ್ದು. ಕಾಲ ಸರಿಯಿಲ್ಲ. ಮನೆಯವ್ರು ಎಲ್ಲಿದಾರೆ, ಏನ್ ಮಾಡ್ತಿದಾರೆ ಗೊತ್ತಿರ್ಬೇಕಲ್ವಾ?"

"ಅವಳನ್ನೇ ಕೇಳ್ಬಹುದಿತ್ತಲ್ಲ ಭಾವ."

"ಕೇಳಿದ್ರೆ ನಿಜ ಹೇಳ್ತಿದ್ಲಾ? ಇಂಟರ್‌ವ್ಯೂ ವಿಷ್ಯ ಹೇಳಿದ್ಲಾ?" ಎಂದು ಅಮ್ಮನ ಕಡೆ ತಿರುಗಿದರು.

ಅಮ್ಮ ಅಕ್ಕನನ್ನು ನೋಡಿ, "ಹೇಳ್ಬೇಕಿತ್ತು ಕಣೇ ನೀನು" ಎಂದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ನನ್ನ ಮೇಲೆ ರೇಗಿದಳು. "ನೋಡಿದ್ದು ಅವಳ ಗಂಡ ತಾನೇ, ಬೀದೀಲಿ ಹೋಗೋರಲ್ವಲ್ಲ. ನಿನಗಿನ್ನೂ ಮದ್ವೆ ಆಗಿಲ್ಲ, ಸುಮ್ನಿರು."

ಭಾವ ಕಾರು ತಿರುಗಿಸಲು ಕೆಳಗೆ ಹೋದಾಗ, ಆಪ್ ತೆಗೆದುಬಿಡುತ್ತೇನೆಂದು ಅಕ್ಕನಿಗೆ ಹೇಳಿದೆ.

"ಬೇಡ. ತೆಗೆದ್ರೆ ಇನ್ನೇನೋ ಹಾಕ್ತಾರೆ. ಇದಾದ್ರೆ ಇರೋದು ಗೊತ್ತಿದೆ." ಫೋನನ್ನು ಬ್ಯಾಗಿಗೆ ಹಾಕಿಕೊಂಡು ಇಳಿದುಹೋದಳು.

ಮಾರನೆಯ ದಿನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಆ ಆಪಿನ ಪ್ರತಿಯನ್ನು ಆಫೀಸಿನಲ್ಲಿ ಮ್ಯಾನೇಜರಿಗೆ ತೋರಿಸಿ, ಅಕ್ಕನ ಫೋನಿನ ವಿಷಯವನ್ನೂ ಹೇಳಿದೆ. ಇದನ್ನು ಕೆಟ್ಟ ಆಪ್‌ಗಳ ಪಟ್ಟಿಗೆ ಸೇರಿಸಿದರೆ ನಮ್ಮ ಕಂಪನಿಯ ಪ್ರೋಗ್ರಾಮ್ ಇರುವ ಬೇರೆ ಹೆಂಗಸರ ಫೋನಿನಲ್ಲಾದರೂ ಎಚ್ಚರಿಕೆ ಕಾಣಿಸುತ್ತದಲ್ಲ ಎಂಬ ಆಸೆ.

"ಫೋನ್ ಬಿಲ್ ಯಾರ ಹೆಸ್ರಲ್ಲಿದೆ?" ಎಂದು ಕೇಳಿದರು.

"ಭಾವನ ಹೆಸ್ರಲ್ಲಿ."

"ಹಂಗಾದ್ರೆ ಓನರ್ ಅವ್ರೇ ಅಲ್ವಾ? ಅವ್ರ ಫೋನಲ್ಲಿ ಅವ್ರು ಹಾಕಿದಾರೆ. ಇದನ್ನ ಮಾಲ್‌ವೇರ್ ಅನ್ನಕ್ಕಾಗಲ್ಲ. ಫ್ಯಾಮಿಲಿ ಸೇಫ್ಟಿ ಅಂತ ಹಾಕು."

ಅದು ಹೇಗೆ ಅಡಗಿಕೊಂಡಿದೆ ನೋಡಿ ಸರ್ ಎಂದೆ. ಅವರು ಆಗಲೇ ಬೇರೆ ಕೆಲಸ ನೋಡುತ್ತಿದ್ದರು. ನಾನೇ ನನ್ನ ಕೈಯಾರೆ 'ಫ್ಯಾಮಿಲಿ ಸೇಫ್ಟಿ' ಎಂದು ಟೈಪ್ ಮಾಡಿದೆ. ಅಂದಿನಿಂದ ನಮ್ಮ ಪ್ರೋಗ್ರಾಮ್ ಆ ಆಪನ್ನು ಕಂಡರೂ ಸುಮ್ಮನಿರುತ್ತಿತ್ತು.

ಅಕ್ಕ ಫೋನ್ ಮಾಡುವುದು ನಿಲ್ಲಿಸಲಿಲ್ಲ. ಮಗಳ ಓದು, ತರಕಾರಿ, ಅಮ್ಮನ ಮಂಡಿ ನೋವು. ನಾನು ಕೇಳದಿದ್ದರೂ "ಅವ್ರು ತುಂಬಾ ಚೆನ್ನಾಗ್ ನೋಡ್ಕೋತಾರೆ" ಎಂದು ಮಧ್ಯೆ ಸೇರಿಸುತ್ತಿದ್ದಳು. ಶಾಲೆಯ ಮಾತು ಮತ್ತೆ ಬರಲಿಲ್ಲ.

ಒಮ್ಮೆ ಯಲಹಂಕಕ್ಕೆ ಬಂದಿದ್ದಾಗ ಅವಳ ಫೋನನ್ನು ಒಳಕೋಣೆಯಲ್ಲಿ ಬಿಟ್ಟು ಅವಳನ್ನು ಟೆರೇಸಿಗೆ ಕರೆದುಕೊಂಡು ಹೋದೆ. "ಇಲ್ಲಿ ಯಾರಿಗೂ ಕೇಳ್ಸಲ್ಲ. ಈಗ್ ಹೇಳು" ಎಂದೆ.

ಅವಳು ಹಗ್ಗದ ಮೇಲಿದ್ದ ಬಟ್ಟೆಗಳನ್ನು ತೆಗೆದು ಮಡಚತೊಡಗಿದಳು.

"ಏನ್ ಹೇಳೋದು ಕಣೇ. ಎಲ್ಲಾ ಚೆನ್ನಾಗಿದೆ."