ಮಲಗಿದರೆ ಕಾಣದ ಉಬ್ಬು

ಸೂರತ್ತಿನ ಸೀರೆ ಮಾರ್ಕೆಟ್ಟಿನಲ್ಲಿ ಮಡಿಚಿಟ್ಟ ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ನಾನು ಕೊಂಡವಳೇ ಅಲ್ಲ. ಪೂರ್ತಿ ಬಿಚ್ಚಿಸುತ್ತೇನೆ, ಬಾಗಿಲ ಬೆಳಕಿಗೆ ಹಿಡಿಯುತ್ತೇನೆ. ಅಂಗಡಿಯವರು ಗೊಣಗುತ್ತಾರೆ, ಬಿಚ್ಚುತ್ತಾರೆ. ಹಾಗೆ ಆರಿಸಿ ತಂದದ್ದನ್ನು ವಡೋದರಾದ, ಅಹಮದಾಬಾದಿನ ಕನ್ನಡದ ಮನೆಗಳಿಗೆ ಒಯ್ದು ಮಾರುತ್ತೇನೆ. ಯಜಮಾನರು ರೈಲ್ವೆಯಲ್ಲಿ ಕ್ಲಾರ್ಕ್, ಧಾರವಾಡದ ಕಡೆಯಿಂದ ಅಹಮದಾಬಾದಿನ ಮಣಿನಗರಕ್ಕೆ ವರ್ಗವಾಗಿ ಬಂದವರು. ವ್ಯಾಪಾರ ಮಾತ್ರ ನಾನೇ ಕಟ್ಟಿದ್ದು.

ಹೋದ ವರ್ಷ ಗರ್ಭಕೋಶ ತೆಗೆಸಿದೆ. ಇಲ್ಲಿ ಇದನ್ನು ದುರ್ಬೀನ್ ಆಪರೇಷನ್ ಅನ್ನುತ್ತಾರೆ: ಹೊಟ್ಟೆಗೆ ನಾಲ್ಕು ಸಣ್ಣ ತೂತು, ಮೂರನೇ ದಿನ ಮನೆ. ಹೇಳಿದಷ್ಟು ದಿನ ವಿಶ್ರಾಂತಿಯನ್ನೂ ಪಡೆದೆ. ಆಮೇಲೊಂದು ದಿನ ಸೂರತ್ ಸ್ಟೇಷನ್ನಿನಲ್ಲಿ ಸೀರೆಯ ಮೂಟೆ ಎತ್ತಿ ಬೋಗಿಗೆ ಇಡುವಾಗ, ಹೊಕ್ಕಳ ಹತ್ತಿರ, ಆ ನಾಲ್ಕರಲ್ಲಿ ದೊಡ್ಡದಾದ ತೂತಿನ ಜಾಗದಲ್ಲಿ ಏನೋ ಸರಕ್ಕನೆ ಜಾರಿತು. ಮನೆಗೆ ಬಂದು ಮುಟ್ಟಿ ನೋಡಿದರೆ ನಿಂಬೆಹಣ್ಣಿನಷ್ಟು ಉಬ್ಬು.

"ಗ್ಯಾಸ್ ಇರಬೇಕು. ಮುಂಜಾನೆ ಅಷ್ಟು ಫಾಫಡಾ ತಿಂದೀ ನೋಡು," ಅಂದರು ಯಜಮಾನರು.

"ತಿಂದ ಫಾಫಡಾ ಹೊಟ್ಟಿಯೊಳಗ ಕೂಡತದ್ರೀ, ಹೊರಗ ಇಣುಕಿ ನೋಡೂದಿಲ್ಲ."

ಆಪರೇಷನ್ ಮಾಡಿದ ಡಾಕ್ಟರಮ್ಮನ ಹತ್ತಿರ ಹೋದೆ. ಟೇಬಲ್ಲಿನ ಮೇಲೆ ಮಲಗಿಸಿ ಒತ್ತಿ ನೋಡಿ, "ಕಂಈ ನಥೀ ಬೆನ್, ಏನೂ ಇಲ್ಲ ಅಕ್ಕ" ಎಂದು ಗ್ಯಾಸಿನ ಗುಳಿಗೆ ಬರೆದರು. ತಿಂಗಳು ಬಿಟ್ಟು ಮತ್ತೆ ಹೋದೆ. ಮತ್ತೆ ಮಲಗಿಸಿದರು. ಈ ಸಲ, "ನಿಮಗೆ ವಹೇಮ್," ಅಂದರು. ನನ್ನ ಹೊಟ್ಟೆಯ ಗಂಟನ್ನು ನನ್ನ ಭ್ರಮೆ ಅಂದುಬಿಟ್ಟರು!

ಆ ವಾರ ವಡೋದರಾದಲ್ಲಿ ನನ್ನ ಹಳೇ ಗಿರಾಕಿ, ನರ್ಸ್ ಕೆಲಸದಿಂದ ನಿವೃತ್ತರಾದವರು, ನಾನು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು ಕಂಡು ಎಲ್ಲವನ್ನೂ ಕೇಳಿದರು.

"ತಂಗೀ, ಇದು ಹರ್ನಿಯಾ ಇದ್ದೀತು. ಹೊಲಿಗೆ ಬಿಟ್ಟ ಕಿಂಡಿಯೊಳಗ ಕರುಳು ಸಿಕ್ಕೊಂಡ್ರ ಕೊಳೀತದ. ಜೀವಕ್ಕ ಬರತದ. ತಡಾ ಮಾಡಬ್ಯಾಡ."

ರೈಲಿನಲ್ಲಿ ಕೂತು ಮಣಿನಗರದವರೆಗೂ ಒಂದೇ ಯೋಚನೆ: ಇಲ್ಲ ಎನ್ನುವವರಿಗೆ ಇದೆ ಎಂದು ತೋರಿಸುವುದು ಹೇಗೆ? ಮನೆಗೆ ಬಂದು ಮಂಚದ ಮೇಲೆ ಅಡ್ಡಾದೆ. ಉಬ್ಬು ಮಾಯ. ಎದ್ದು ನಿಂತೆ, ಕೆಮ್ಮಿದೆ. ಹಾಜರು! ಮತ್ತೆ ಮಲಗಿದೆ, ಮತ್ತೆ ಎದ್ದೆ. ಇಷ್ಟು ದಿನ ನಾನೇ ಡಾಕ್ಟರಿಗೆ ಮಡಿಚಿದ ಸೀರೆ ತೋರಿಸುತ್ತಿದ್ದೆ.

ಮರುದಿನವೇ ಹೋದೆ. ಡಾಕ್ಟರಮ್ಮ ನನ್ನ ಮುಖ ನೋಡಿಯೇ ನಿಟ್ಟುಸಿರುಬಿಟ್ಟು, "ಮಲಗಿ," ಅಂದರು.

"ಮಲಗೋದಿಲ್ಲ."

"ಮಲಗದೆ ಹೇಗೆ ನೋಡಲಿ?"

"ನಾನು ಮಲಗಿ ಮೂಟೆ ಎತ್ತುತ್ತೇನೆಯೇ, ಮೇಡಂ? ನಿಂತಾಗ ಬರುವ ಕಾಯಿಲೆ. ನಿಲ್ಲಿಸಿಯೇ ನೋಡಿ."

"ಹೊರಗೆ ಹತ್ತು ಜನ ಕಾಯುತ್ತಿದ್ದಾರೆ, ಬೆನ್."

"ನಾನೂ ಕಾದೇ ಬಂದಿದ್ದೇನೆ."

ಅವರು ಕುರ್ಚಿಯಲ್ಲಿ ಕೂತೇ ಬೇಸರದಿಂದ ಕೈ ಚಾಚಿದರು. ಅವರ ಬೆರಳನ್ನು ಹಿಡಿದು ಗಾಯದ ಗುರುತಿನ ಮೇಲೆ ನಾನೇ ಇಟ್ಟೆ. ಕೆಮ್ಮಿದೆ. ಬೆರಳ ಕೆಳಗೆ ಅದು ತಳ್ಳಿಕೊಂಡು ಬಂತು. ಅವರ ಮುಖ ಬದಲಾಯಿತು.

"ಇನ್ನೊಮ್ಮೆ ಕೆಮ್ಮಿ."

"ಎಷ್ಟು ಸಲ ಬೇಕಾದರೂ."

ಅವರು ಚೀಟಿ ಬರೆಯತೊಡಗಿದರು. ವಹೇಮ್ ಎಂಬ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೇ ಕೇಳಿದೆ: "ಏನು ಬರೀತಿದ್ದೀರಿ?" ಆಪರೇಷನ್ ತೂತಿನ ಜಾಗದಲ್ಲಿ ಹರ್ನಿಯಾ ಎಂದು ಓದಿ ಹೇಳಿದರು. "ಸರಿ, ಹಾಗೇ ಇರಲಿ," ಅಂದೆ. ಸ್ಕ್ಯಾನಿಂಗ್‌ನವನಿಗೂ ನಿಲ್ಲಿಸಿಯೇ ನೋಡು ಅಂದೆ. ಕಿಂಡಿ ಕಂಡಿತು. ಸರ್ಜನ್ ಒಬ್ಬರು ಮತ್ತೆ ಆಪರೇಷನ್ ಮಾಡಿ, ಒಳಗೆ ಜಾಲರಿಯ ತೇಪೆ ಹಾಕಿ ಅದನ್ನು ಮುಚ್ಚಿದರು.

ನಿಮಗೂ ಹೇಳುತ್ತೇನೆ. ತೂತು ಸಣ್ಣದು ಅಂತ ಸದರ ಮಾಡಬೇಡಿ. ಗುರುತಿನ ಹತ್ತಿರ ಉಬ್ಬು ಕಂಡರೆ ನಿಂತು, ಕೆಮ್ಮಿ ತೋರಿಸಿ. ಅದು ಗಟ್ಟಿಯಾಗಿ, ಒಳಗೆ ಹೋಗದೆ, ನೋವು, ವಾಂತಿ ಬಂದರೆ ಯಾರ ಅಪ್ಪಣೆಗೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ.

ಈಗ ಮೂಟೆ ಕೂಲಿಯವನ ತಲೆಯ ಮೇಲೆ, ಆರಿಸುವ ಕೆಲಸ ನನ್ನದೇ. ಮೊನ್ನೆ ತಪಾಸಣೆಗೆಂದು ಡಾಕ್ಟರಮ್ಮನ ಕೋಣೆಗೆ ಹೋದೆ. ಟೇಬಲ್ಲಿನ ಕಡೆ ನಾನು ನೋಡಲೂ ಇಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, ನಿಂತಿದ್ದ ನನ್ನ ಹತ್ತಿರಕ್ಕೆ ಕುರ್ಚಿಯಿಂದ ತಾವೇ ಎದ್ದು ಬಂದರು.