ಮ್ಯಾಟಿನಿಯಲ್ಲಿ ಬೇಯದ ಬೇಳೆ

“ಅಯ್ಯೋ, ಬೇಳೆ ಬೇಯೋಕ್ ಮುಂಚೇನೇ ಹುಣಸೆರಸ ಹಾಕ್ತಿದಾಳಲ್ಲಾ! ಇನ್ನೆಲ್ಲಿ ಬೇಯುತ್ತೆ ಅದು?”

ಮಲ್ಲೇಶ್ವರದ ಟಾಕೀಸಿನಲ್ಲಿ ಮ್ಯಾಟಿನಿ ನೋಡುತ್ತಿದ್ದ ಅಮ್ಮ ಪರದೆಯತ್ತ ಕೈಚಾಚಿ ಕೂಗಿಬಿಟ್ಟಳು. ಬಿಟ್ಟ ಅಡುಗೆಯನ್ನು ಮತ್ತೆ ಕೈಗೆತ್ತಿಕೊಂಡು ಮನೆಯವರನ್ನು ಒಂದುಗೂಡಿಸಲು ಹೊರಟ ಹೆಂಗಸಿನ ಸಿನಿಮಾ ಅದು. ಜನ ಗೊಳ್ಳೆಂದು ನಕ್ಕರು. ನಾನು ಸೀಟಿನಲ್ಲಿ ಮುದುರಿಕೊಂಡೆ. ಅಷ್ಟರಲ್ಲಿ ಎರಡು ಸಾಲು ಮುಂದಿನಿಂದ ಒಂದು ದನಿ ಕೇಳಿತು: “ಅಕ್ಕಾ, ನೀನೇನೇ?”

ಚಿಕ್ಕಮ್ಮ! ನೆಂಟರೆದುರು ತನ್ನ ಹುಳಿಗೆ ಹುಣಸೆ ಜಾಸ್ತಿಯಾಯಿತು ಅಂದಳೆಂದು ಅಮ್ಮ ನಾಲ್ಕು ವರ್ಷದಿಂದ ಅವಳೊಡನೆ ಮಾತೂ ಬಿಟ್ಟಿದ್ದಳು, ಹುಳಿ ಮಾಡುವುದನ್ನೂ ಬಿಟ್ಟಿದ್ದಳು.

ಇಂಟರ್‌ವಲ್ಲಿಗೇ ಎದ್ದು ಮೂವರೂ ಮನೆಗೆ ಬಂದೆವು. ಅಮ್ಮ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು. ಸಿನಿಮಾ ಹೇಗೆ ಮುಗಿಯಿತೋ ಇವತ್ತಿಗೂ ಗೊತ್ತಿಲ್ಲ. ಹುಳಿಗೆ ಹುಣಸೆ ಮಾತ್ರ ಅವತ್ತೂ ಜಾಸ್ತಿಯೇ ಆಗಿತ್ತು. ಚಿಕ್ಕಮ್ಮ ತುಟಿಪಿಟಕ್ಕೆನ್ನದೆ ಎರಡು ಸಲ ಹಾಕಿಸಿಕೊಂಡಳು.