ಫ್ರಾಂಕ್‌ಫರ್ಟ್‌ಗೆ ಉನಾ ಹೋದಳು

ಮೋಯಾ ಗಿಲ್ಲಿಗನ್ ಮತ್ತು ಉನಾ ಡೆವನಿ ಒಂದೇ ದಿನ ಡಬ್ಲಿನ್‌ನ ನಮ್ಮ ಹಣಕಾಸು ಇಲಾಖೆಯ ಕಚೇರಿಗೆ ಸೇರಿದವರು. ಮೊದಲ ಆರು ವರ್ಷ ರಾತ್‌ಮೈನ್ಸ್ ಬಡಾವಣೆಯಲ್ಲಿ ಒಂದೇ ಕೋಣೆಯ ಬಾಡಿಗೆಯನ್ನು ಹಂಚಿಕೊಂಡಿದ್ದರು. ನನ್ನ ಮೇಜು ಮೋಯಾಳ ಪಕ್ಕದಲ್ಲೇ ಇತ್ತು.

ಮುಳುಗಿದ ಬ್ಯಾಂಕಿನ ಸಾಲವನ್ನು ಸರ್ಕಾರ ತಲೆಯ ಮೇಲೆ ಹೊತ್ತುಕೊಂಡ ಕಾಲ ಅದು. ಕಂತುಗಳನ್ನು ಹಲವು ದಶಕಗಳಿಗೆ ಹಿಗ್ಗಿಸಿಕೊಡಿ ಎಂದು ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿನ ಕೇಂದ್ರ ಬ್ಯಾಂಕನ್ನು ಕೇಳಬೇಕಿತ್ತು. ಆ ವಾದದ ಟಿಪ್ಪಣಿಯನ್ನು ಮೋಯಾ ನಾಲ್ಕು ತಿಂಗಳು ಕೂತು ಬರೆದಳು. ಮಾತುಕತೆಗೆ ಹೊರಟವರ ಪಟ್ಟಿಯಲ್ಲಿ ಮಾತ್ರ ಉನಾಳ ಹೆಸರಿತ್ತು.

"ಉನಾಗೆ ಜರ್ಮನ್ ಬರತ್ತೆ, ಮೋಯಾ. ನೀವು ಇಲ್ಲೇ ಬೇಕು ನಮಗೆ," ಎಂದರು ಮೇಲಧಿಕಾರಿ.

ಮೋಯಾ ನಕ್ಕಳು. ಆಮೇಲೆ ಉನಾ ಹೊಸ ಬೂದು ಕೋಟು ತೊಟ್ಟು ಬಂದಾಗ ಕೇಳಿದಳು: "ಏನೇ, ಸಾಲ ಕೇಳೋಕೆ ಹೋಗ್ತಿದೀಯೋ, ಹೆಣ್ಣು ನೋಡೋರ ಮುಂದೆ ಕೂರೋಕೋ?"

"ಎರಡರಲ್ಲೂ ತಲೆ ತಗ್ಗಿಸ್ಕೊಂಡೇ ಕೂರ್ಬೇಕಲ್ಲೇ!" ಎಂದು ಉನಾ ನಕ್ಕು ಹೊರಟಳು.

ಮರುದಿನ ಹನ್ನೊಂದು ಗಂಟೆಗೆ ಅವಳ ಫೋನ್ ಬಂತು. ಮೋಯಾ ಸ್ಪೀಕರಿಗೆ ಹಾಕಿದಳು.

"ಮೋಯಾ, ಎಂಟನೇ ಪುಟದ ಬಡ್ಡಿ ದರ ಎಲ್ಲಿಂದ ಬಂತು ಅಂತ ಕೇಳ್ತಿದಾರೆ. ಬೇಗ ಹೇಳೇ."

ಎರಡು ವಾಕ್ಯದ ಉತ್ತರ. ಮೋಯಾಗೆ ಬಾಯಿಪಾಠವಿತ್ತು.

"ಕಡತ ತೆಗೆದು ನೋಡ್ಬೇಕು. ಆಮೇಲೆ ನಾನೇ ಫೋನ್ ಮಾಡ್ತೀನಿ," ಎಂದು ಫೋನಿಟ್ಟಳು.

ಕಡತ ತೆಗೆಯಲಿಲ್ಲ. ಚಹಾ ಮಾಡಿಕೊಂಡಳು. ಬನ್ನಿಗೆ ಬೆಣ್ಣೆ ಸವರಿ, ಅಂಚಿನವರೆಗೂ ನೀಟಾಗಿ ಸವರಿ, ನಿಧಾನವಾಗಿ ತಿಂದಳು. ಅವಳ ಕೆನ್ನೆ ಕೆಂಪಾಗಿತ್ತು. ನಾನು ನೋಡಿಯೂ ಸುಮ್ಮನಿದ್ದೆ. ಅದು ನನ್ನ ತಪ್ಪು. ನಲವತ್ತು ನಿಮಿಷದ ಮೇಲೆ ಅವಳು ಫೋನ್ ಮಾಡುವಷ್ಟರಲ್ಲಿ ಸಭೆ ಮುಗಿದಿತ್ತು.

ಅಲ್ಲಿ ಉನಾ ಹೇಳಿದ್ದಿಷ್ಟು: "ನನಗೆ ಗೊತ್ತಿಲ್ಲ. ಇದನ್ನು ಬರೆದವಳು ಮೋಯಾ ಗಿಲ್ಲಿಗನ್. ಮುಂದಿನ ಸಲ ಅವಳನ್ನೇ ಕರೆಸಿ."

ಕರೆಸಿದರು. ಕಿಟಕಿಯಿಲ್ಲದ ಕೋಣೆಯ ಹಿಂದಿನ ಸಾಲಿನಲ್ಲಿ ಮೋಯಾ ಏಳು ಗಂಟೆ ಕೂತಳು. ಅದೇ ಪ್ರಶ್ನೆ ಮತ್ತೆ ಬಂತು. ಎರಡು ವಾಕ್ಯ ಹೇಳಿದಳು. ಎದುರಿನ ಅಧಿಕಾರಿ ಬರೆದುಕೊಂಡು ಪುಟ ತಿರುವಿದ. ಅಷ್ಟೇ.

ವಾಪಸಾಗುವಾಗ ವಿಮಾನ ನಿಲ್ದಾಣದಲ್ಲಿ ತಡೆಯಲಾಗದೆ ಉನಾಳ ಮುಂದೆ ಬಾಯಿಬಿಟ್ಟಳು: "ಆವತ್ತು ಉತ್ತರ ಗೊತ್ತಿತ್ತು ಕಣೇ ನಂಗೆ."

"ನಿಂಗೆ ಗೊತ್ತಿಲ್ದೇ ಇರತ್ತಾ? ನಾನೂ ನಿನ್ನ ಮೇಲೆ ಮೂರು ದಿನ ಕೋಪ ಮಾಡ್ಕೊಂಡಿದ್ದೆ. ಏಳು, ಹೊಟ್ಟೆಗೇನಾದ್ರೂ ಹಾಕೋಣ."

ಇದನ್ನು ನನಗೆ ಹೇಳುವಾಗ ಮೋಯಾಳ ಕಣ್ಣು ತುಂಬಿತ್ತು. ಪಶ್ಚಾತ್ತಾಪವಾ ಎಂದು ಕೇಳಿದೆ. "ಅಲ್ಲಮ್ಮಾ," ಎಂದಳು, "ಅವಳಿಗೆ ಜರ್ಮನ್ ಬಂದ್ರೆ ಸಹಿಸ್ಕೋಬಹುದು. ಒಳ್ಳೇತನಾನೂ ನನಗಿಂತ ಜಾಸ್ತಿ ಇರ್ಬೇಕಾ?"

ಮುಂದಿನ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಸಾಲ ಹೋಗಲಿಲ್ಲ, ಉದ್ದವಾಯಿತು. ಪತ್ರಿಕೆಯ ಚಿತ್ರದಲ್ಲಿ ಮಂತ್ರಿಗಳ ಹಿಂದೆ ಉನಾಳ ಅರ್ಧ ಮುಖವಿತ್ತು. ಮೋಯಾ ಅದನ್ನು ಕತ್ತರಿಸಿ ಉನಾಳ ಮೇಜಿನ ಮೇಲಿಟ್ಟಳು. ಇಡುವ ಮೊದಲು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.